ಅಂಬಾಸಿಡರ್‌ನ ದಾಯಾದಿ: ಎರಡು ಕಾರ್ಬೊರೇಟರಿನ ಎಂಜಿ ಕಥೆ

ಗುತ್ತಲದಿಂದ ಇನ್ನೊಂದು ಸಂಚಿಕೆ. ಇವತ್ತು ಇಯರ್‌ಫೋನ್ ಹಾಕ್ಕೊಂಡೇ ಕೇಳ್ರಿ, ಎರಡೂ ಕಿವಿಗೆ. ಯಾಕಂದ್ರ ಇವತ್ತಿನ ವಿಷಯ ಪೂರ್ತಿ ಕಿವಿಗೆ ಸಂಬಂಧಪಟ್ಟದ್ದು.

ಎಂಜಿ ಅಂದ ಕೂಡಲೇ ನಿಮ್ಮ ಕಣ್ಣಮುಂದೆ ಯಾವ ಗಾಡಿ ಬರ್ತೈತಿ? ಹೆಕ್ಟರ್. ಇಲ್ಲಾ ಅಂದ್ರ ಬೆಂಕಿಪೊಟ್ಟಣದಂಥಾ ಆ ಕಾಮೆಟ್. 2019ರಲ್ಲಿ ಭಾರತಕ್ಕೆ ಬಂದ ಕಂಪನಿ, ದೊಡ್ಡ ಸ್ಕ್ರೀನು, ಚಾರ್ಜಿಂಗ್ ಗನ್ನು, ಅಷ್ಟೇ ನಮಗೆ ಗೊತ್ತು. ಆದರೆ ಎಂಜಿ ಅನ್ನೋದು ಮಾರಿಸ್ ಗ್ಯಾರೇಜಸ್ ಅನ್ನೋದರ ಮೊದಲಕ್ಷರಗಳು. ಇಂಗ್ಲೆಂಡಿನ ಆಕ್ಸ್‌ಫರ್ಡ್ ಊರಿನಲ್ಲಿ ವಿಲಿಯಂ ಮಾರಿಸ್ ಎಂಬುವವರ ಕಾರು ಮಾರುವ, ರಿಪೇರಿ ಮಾಡುವ ಗ್ಯಾರೇಜು ಅದು. 1920ರ ದಶಕದಲ್ಲಿ ಅದರ ಮ್ಯಾನೇಜರ್ ಆಗಿದ್ದ ಸೆಸಿಲ್ ಕಿಂಬರ್, ಸಾದಾ ಮಾರಿಸ್ ಕಾರುಗಳ ಮೈ ಬದಲಿಸಿ, ಹಗುರ ಮಾಡಿ, ಓಡಿಸೋರಿಗೆ ಮಜಾ ಬರುವಂಥ ಗಾಡಿ ಮಾಡತೊಡಗಿದರು. ಎರಡೇ ಸೀಟು, ತೆರೆದ ಮೇಲ್ಭಾಗ, ಉದ್ದನೆಯ ಮೂತಿ. ಬಾನೆಟ್ ಎತ್ತಿದರೆ ಇಂಜಿನ್ ಪಕ್ಕದಲ್ಲಿ ಎರಡು ಹಿತ್ತಾಳೆ ಟೋಪಿ ಹಾಕಿಕೊಂಡ ಎರಡು ಡಬ್ಬಿ. ಅವೇ ಜೋಡಿ ಕಾರ್ಬೊರೇಟರ್.

ಇದಕ್ಕೂ ಗುತ್ತಲಕ್ಕೂ ಏನ್ ಸಂಬಂಧ ಅಂತೀರಿ? ಐತಿ. ನಮ್ಮೂರಿನ ಇತಿಹಾಸ ಓದಿದವರಿಗೆ ಗೊತ್ತು, ಇಲ್ಲಿ ಆಳಿದ ಗುತ್ತ ಅರಸರು ತಾವು ಉಜ್ಜಯಿನಿಯ ಚಂದ್ರಗುಪ್ತನ ವಂಶದವರು ಅಂತ ಶಾಸನಗಳಲ್ಲಿ ಬರೆಸಿಕೊಂಡಿದ್ದರು. ದೂರದ ದೊಡ್ಡ ಮನೆತನದ ಹೆಸರು ಹೇಳಿಕೊಳ್ಳೋದು ಹಳೇ ಚಟ. ನಮ್ಮ ಬಸ್‌ಸ್ಟ್ಯಾಂಡ್ ಹತ್ತಿರ ಟ್ಯಾಕ್ಸಿಯಾಗಿ ನಿಲ್ಲುತ್ತಿದ್ದ, ಮದುವೆಗೆ ಹೂ ಕಟ್ಟಿಸಿಕೊಂಡು ಹೋಗುತ್ತಿದ್ದ, ಬ್ಯಾಡಗಿ ಮೆಣಸಿನಕಾಯಿ ಸಾವ್ಕಾರರನ್ನ ಪಿ.ಬಿ. ರಸ್ತೆ ಮೇಲೆ ಹುಬ್ಬಳ್ಳಿಗೆ ಕರ್ಕೊಂಡು ಹೋಗುತ್ತಿದ್ದ ಅಂಬಾಸಿಡರ್ ಕಾರು "ನಾನು ಎಂಜಿ ಸ್ಪೋರ್ಟ್ಸ್ ಕಾರಿನ ದಾಯಾದಿ" ಅಂತ ಹೇಳಿಕೊಂಡರೆ ನೀವು ನಗಬಹುದು. ಆದರೆ ಆ ಮಾತಿಗೆ ಶಾಸನ ಬೇಕಾಗಿಲ್ಲ. ಇಂಜಿನ್ ಬ್ಲಾಕ್ ಅಳೆದು ನೋಡಿದರೆ ಸಾಕು.

1955ರಲ್ಲಿ ಎಂಜಿ ಕಂಪನಿ ಎಂಜಿಎ ಅನ್ನುವ ಕಾರು ಬಿಟ್ಟಿತು. ಅದರಲ್ಲಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಬಿ-ಸೀರೀಸ್ ಇಂಜಿನ್, 1489 ಸಿಸಿ. ಇಲ್ಲಿ ಕಲ್ಕತ್ತದ ಹತ್ತಿರ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನ ಅಚ್ಚು ತಂದು ಅಂಬಾಸಿಡರ್ ಶುರು ಮಾಡಿದರು. ಮೊದಮೊದಲು ಹಳೇ ಸೈಡ್ ವಾಲ್ವ್ ಇಂಜಿನ್ ಇತ್ತು. 1959ರ ಹೊತ್ತಿಗೆ ಅದರ ಜಾಗಕ್ಕೆ ಬಂದದ್ದು ಇದೇ ಬಿ-ಸೀರೀಸ್, ಇದೇ 1489 ಸಿಸಿ. ಬೋರ್ 73.025 ಮಿಲಿಮೀಟರ್, ಸ್ಟ್ರೋಕ್ 88.9 ಮಿಲಿಮೀಟರ್. ಎರಡೂ ಗಾಡಿಗೆ ಒಂದೇ ಅಳತೆ. ವ್ಯತ್ಯಾಸ ಎಲ್ಲಿ ಅಂದ್ರ, ಅಂಬಾಸಿಡರ್ ಮೇಲೆ ಒಂದು ಎಸ್‌ಯು ಕಾರ್ಬೊರೇಟರ್, ಎಂಜಿಎ ಮೇಲೆ ದೊಡ್ಡ ಸೈಜಿನವು ಎರಡು. ಅಂಬಾಸಿಡರ್ ಶಕ್ತಿ 50 ಹಾರ್ಸ್‌ಪವರ್ ಆಸುಪಾಸು, ಎಂಜಿಎದ್ದು ಶುರುವಿನಲ್ಲಿ 68, ಆಮೇಲೆ 72. ಪೂರ್ತಿ ಶ್ರೇಯಸ್ಸು ಎರಡನೇ ಕಾರ್ಬೊರೇಟರಿಗೇ ಕೊಡಬ್ಯಾಡ್ರಿ. ಕಂಪ್ರೆಶನ್ ಹೆಚ್ಚಿತ್ತು, ಹೆಡ್ಡಿನ ಒಳಗಿನ ಕೆಲಸ ಬೇರೆ ಇತ್ತು. ಆದರೂ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವ ವ್ಯತ್ಯಾಸ ಅದೇ.

ಈ ಎಸ್‌ಯು ಅನ್ನೋದು ಏನು? ಸ್ಕಿನ್ನರ್ಸ್ ಯೂನಿಯನ್. ಇಂಗ್ಲೆಂಡಿನಲ್ಲಿ ಲಿಲಿ ಅಂಡ್ ಸ್ಕಿನ್ನರ್ ಅನ್ನುವ ಚಪ್ಪಲಿ-ಬೂಟಿನ ದೊಡ್ಡ ಅಂಗಡಿಗಳಿದ್ದವು. ಆ ಮನೆಯ ಹುಡುಗ ಜಾರ್ಜ್ ಹರ್ಬರ್ಟ್ ಸ್ಕಿನ್ನರ್‌ಗೆ ಬೂಟಿಗಿಂತ ಮೋಟಾರಿನ ಹುಚ್ಚು ಜಾಸ್ತಿ. 1905ರಲ್ಲಿ ಹೊಸ ಥರದ ಕಾರ್ಬೊರೇಟರಿಗೆ ಪೇಟೆಂಟ್ ಅರ್ಜಿ ಹಾಕಿದ. ತಮ್ಮ ಕಾರ್ಲ್ ಜೊತೆ ಸೇರಿ 1910ರಲ್ಲಿ ಕಂಪನಿ ಮಾಡಿದರು. ನನಗೆ ಬಹಳ ಇಷ್ಟವಾದ ವಿವರ ಅಂದ್ರ, ಮೊದಲ ಎಸ್‌ಯು ಕಾರ್ಬೊರೇಟರ್‌ಗಳ ಒಳಗೆ ಗಾಳಿಗೆ ಉಬ್ಬಿ ಕುಗ್ಗುವ ತಿದಿ ಇತ್ತು, ಕಮ್ಮಾರನ ಕುಲುಮೆ ತಿದಿ ಇರುತ್ತಲ್ಲ, ಹಂಗ. ಆ ತಿದಿ ಚರ್ಮದ್ದು. ಬೂಟಿನ ಮನೆತನ ಅಲ್ಲೇನ್ರಿ, ಚರ್ಮಕ್ಕೇನು ಬರ! ಆಮೇಲೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂತು. 1926ರಲ್ಲಿ ಇಡೀ ಕಂಪನಿಯನ್ನು ಕೊಂಡವರು ಅದೇ ವಿಲಿಯಂ ಮಾರಿಸ್. ಹೀಗೆ ಮಾರಿಸ್, ಎಂಜಿ, ಎಸ್‌ಯು, ಕೊನೆಗೆ ನಮ್ಮ ಅಂಬಾಸಿಡರ್ ಎಲ್ಲವೂ ಒಂದೇ ಮನೆಯ ಅಟ್ಟದ ಮೇಲಿನ ಸಾಮಾನು.

ಇಲ್ಲೊಂದು ಅಡ್ಡದಾರಿ ಹಿಡೀತೀನಿ, ಐದು ನಿಮಿಷ ಅಲ್ಲ, ಒಂದೇ ನಿಮಿಷ. ಎರಡನೇ ಮಹಾಯುದ್ಧದಲ್ಲಿ ಸ್ಪಿಟ್‌ಫೈರ್, ಹರಿಕೇನ್ ವಿಮಾನಗಳ ಮರ್ಲಿನ್ ಇಂಜಿನ್ನಿನ ಮೇಲೂ ಎಸ್‌ಯು ಕಾರ್ಬೊರೇಟರ್ ಇತ್ತು. ಪೈಲಟ್ ದಿಢೀರ್ ಅಂತ ಮೂತಿ ಕೆಳಗೆ ಮಾಡಿ ಧುಮುಕಿದರೆ ಇಂಜಿನ್ ಕೆಮ್ಮಿ ನಿಲ್ಲುತ್ತಿತ್ತು. ಕಾರಣ, ಫ್ಲೋಟ್ ಡಬ್ಬಿಯೊಳಗಿನ ಪೆಟ್ರೋಲ್ ಮೇಲಕ್ಕೆ ಹಾರಿ ಮೊದಲು ಬತ್ತೋದು, ಮರುಕ್ಷಣ ಉಕ್ಕೋದು. ಜರ್ಮನ್ ವಿಮಾನಗಳಿಗೆ ಆ ತೊಂದರೆ ಇರಲಿಲ್ಲ, ಅವುಗಳಲ್ಲಿ ಆಗಲೇ ಫ್ಯೂಯಲ್ ಇಂಜೆಕ್ಷನ್ ಇತ್ತು. 1941ರಲ್ಲಿ ಇದಕ್ಕೆ ತತ್ಕಾಲದ ಔಷಧ ಕಂಡುಹಿಡಿದವರು ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಮಹಿಳಾ ಎಂಜಿನಿಯರ್. ನಡುವೆ ತೂತಿರುವ ಸಣ್ಣ ಲೋಹದ ಬಿಲ್ಲೆ, ಪೆಟ್ರೋಲ್ ಪೈಪಿನಲ್ಲಿ ಹಾಕಬೇಕು, ಇಂಜಿನ್ನಿಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹರಿಯಬಾರದು. ಅಷ್ಟೇ. ಆಕೆ ಯುದ್ಧಕ್ಕೆ ಮೊದಲು ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕ್ ಮೇಲೆ ಗಂಟೆಗೆ 100 ಮೈಲಿಗಿಂತ ಜೋರಾಗಿ ಸುತ್ತು ಹಾಕಿದ್ದವರು. ಕಾರ್ಬೊರೇಟರ್ ಗಂಡಸರ ವಿಷಯ ಅನ್ನೋರಿಗೆ ಇದನ್ನ ಹೇಳ್ರಿ.

ಸರಿ, ನಮ್ಮ ದೇಶಕ್ಕೆ ವಾಪಸ್ ಬರೋಣ. ಬ್ರಿಟಿಷರ ಕಾಲದಲ್ಲಿ ಬೆಂಗಳೂರು ಕಂಟೋನ್ಮೆಂಟಿಗೆ, ಕೊಡಗು-ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಇಂಗ್ಲಿಷ್ ಕಾರುಗಳು ಹಡಗಿನಲ್ಲಿ ಬರುತ್ತಿದ್ದವು. ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕ ಬದಲಾಯ್ತು. 1953ರಲ್ಲಿ ಸರ್ಕಾರ ಒಂದು ತೀರ್ಮಾನ ಮಾಡಿತು: ಇಲ್ಲೇ ತಯಾರಿಸುವ ಯೋಜನೆ ಇರುವ ಕಂಪನಿಗಳಿಗೆ ಮಾತ್ರ ಅವಕಾಶ, ಬಿಡಿಭಾಗ ತಂದು ಜೋಡಿಸಿ ಮಾರೋದು ಬಂದ್. ಜನರಲ್ ಮೋಟಾರ್ಸ್, ಫೋರ್ಡ್ ಗಂಟು ಕಟ್ಟಿದವು. ವಿದೇಶಿ ಸ್ಪೋರ್ಟ್ಸ್ ಕಾರು ತರಿಸೋದು ಕನಸಾಯ್ತು. ಆಗಲೇ ಇಲ್ಲಿದ್ದ ಗಾಡಿಗಳಿಗೆ ಸ್ಪೇರ್ ಪಾರ್ಟ್ಸ್ ಸಿಗೋದೂ ಕಷ್ಟ. ನಾನು ಬಿಕಾಂ ಓದಿದವನು, ಇಂಪೋರ್ಟ್ ಲೈಸೆನ್ಸು, ಕೋಟಾ ಅಂತ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಪಾಠದ ನಿಜವಾದ ಅರ್ಥ ಗ್ಯಾರೇಜಿನಲ್ಲಿ ಕಾಣುತ್ತೆ. ಒಂದು ಗ್ಯಾಸ್ಕೆಟ್ ಇಂಗ್ಲೆಂಡಿನಿಂದ ಬರಲ್ಲ ಅಂದಾಗ, ಅದೇ ಇಂಜಿನ್ ಮನೆತನದ ಇನ್ನೊಂದು ಗಾಡಿ ದೇಶದ ಪ್ರತಿ ತಾಲೂಕಿನಲ್ಲಿ ಓಡಾಡುತ್ತಿದ್ದರೆ ಏನಾಗುತ್ತೆ? ಅಂಬಾಸಿಡರ್ ಪಾರ್ಟು, ಅಂಬಾಸಿಡರ್ ಕೈ, ಎರಡೂ ಬಿ-ಸೀರೀಸ್ ಎಂಜಿಗೆ ಉಪಯೋಗಕ್ಕೆ ಬರುತ್ತೆ.

ಉಲ್ಟಾ ದಾರಿಯೂ ಇತ್ತು. ಮದ್ರಾಸಿನ ಹತ್ತಿರ ಶೋಲಾವರಂ ಅಂತ ಯುದ್ಧಕಾಲದ ಹಳೇ ರನ್‌ವೇ, ಅಲ್ಲಿ ಕಾರು ರೇಸ್ ನಡೀತಿದ್ದವು. ದಕ್ಷಿಣದ ರೇಸಿನ ಹುಚ್ಚಿನವರೆಲ್ಲ ಅಲ್ಲಿ ಸೇರುತ್ತಿದ್ದರು. ಬಡ್ಡಿ ಸಾಲ ಮಾಡಿದರೂ ಜಾಗ್ವಾರ್ ಸಿಗದ ಕಾಲ. ಇದ್ದದ್ದು ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್. ಅವನ್ನೇ ಬಿಚ್ಚಿ, ತೂಕ ಇಳಿಸಿ, ಹೆಡ್ ಕೆರೆಸಿ, ಇನ್ನೊಂದು ಕಾರ್ಬೊರೇಟರ್ ಹಾಕಿ ಓಡಿಸೋದು. ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಹೆರಾಲ್ಡ್ ಕೂಡ ಇಂಥದೇ ಬಡ ದಾಯಾದಿ. ಇಂಗ್ಲೆಂಡಿನಲ್ಲಿ ಅದರದೇ ಚಾಸಿಯನ್ನು ಗಿಡ್ಡ ಮಾಡಿ, ಅದೇ ಇಂಜಿನ್ ಮನೆತನಕ್ಕೆ ಜೋಡಿ ಎಸ್‌ಯು ಹಾಕಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ಮಾಡಿದ್ದರು.

ಈಗ ಅಸಲಿ ವಿಷಯ. ಒಂದು ಕಾರ್ಬೊರೇಟರ್ ಇದ್ದ ಜಾಗಕ್ಕೆ ಎರಡು ಯಾಕೆ, ಮತ್ತು ಎರಡಾದ ಕೂಡಲೇ ಜಗಳ ಯಾಕೆ ಶುರುವಾಗ್ತೈತಿ?

ಮೊದಲು ಕಾರ್ಬೊರೇಟರ್ ಏನು ಮಾಡುತ್ತೆ ಅಂತ ನೋಡೋಣ, ಯಾಕಂದ್ರ ನಮ್ಮಲ್ಲಿ ಬಹಳ ಜನ ಓಡಿಸೋದು ಇಂಜೆಕ್ಷನ್ ಗಾಡಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ಸುಮಾರು 9,000 ಲೀಟರ್ ಗಾಳಿ ಬೇಕು. ತೂಕದ ಲೆಕ್ಕದಲ್ಲಿ ಒಂದಕ್ಕೆ 14.7. ಈ ಅಳತೆಯನ್ನು ಗಾಡಿ ನಿಂತಾಗಲೂ, ಏರು ಹತ್ತುವಾಗಲೂ, ಹೈವೇಯಲ್ಲಿ ಹೋಗುವಾಗಲೂ ಕಾಯ್ದುಕೊಳ್ಳಬೇಕು. ಈಗ ಅದನ್ನು ಸೆನ್ಸರ್, ಕಂಪ್ಯೂಟರ್ ಮಾಡುತ್ತವೆ. ಎಸ್‌ಯು ಕಾರ್ಬೊರೇಟರಿನಲ್ಲಿ ಮಾಡೋದು ಒಂದು ಪಿಸ್ಟನ್ ಮತ್ತು ಒಂದು ಸೂಜಿ. ಇಂಜಿನ್ ಗಾಳಿ ಎಳೆದಷ್ಟು ಟೋಪಿಯೊಳಗಿನ ಪಿಸ್ಟನ್ ಮೇಲೇಳುತ್ತೆ. ಅದರ ತಳಕ್ಕೆ ಕಟ್ಟಿದ ಸೂಜಿ ಕೆಳಗೆ ಹೋಗುತ್ತಾ ಸಪೂರ ಆಗಿರುತ್ತೆ, ಆ ಸೂಜಿ ಜೆಟ್ ಅನ್ನುವ ತೂತಿನೊಳಗೆ ಇಳಿಬಿದ್ದಿರುತ್ತೆ. ಪಿಸ್ಟನ್ ಎದ್ದಂತೆ ಸೂಜಿಯ ಸಪೂರ ಭಾಗ ತೂತಿಗೆ ಬರುತ್ತೆ, ಸುತ್ತ ಜಾಗ ಹೆಚ್ಚುತ್ತೆ, ಪೆಟ್ರೋಲ್ ಹೆಚ್ಚು ಬರುತ್ತೆ. ಗಾಳಿ ಎಷ್ಟೋ ಪೆಟ್ರೋಲ್ ಅಷ್ಟು. ಟೋಪಿಯ ತುದಿಯಲ್ಲಿ ಸ್ವಲ್ಪ ಎಣ್ಣೆ ಇರುತ್ತೆ, ಪಿಸ್ಟನ್ ದಡಬಡ ಏಳದಿರಲಿ ಅಂತ.

ಬಿ-ಸೀರೀಸ್ ಇಂಜಿನ್ನಿಗೆ ನಾಲ್ಕು ಸಿಲಿಂಡರ್, ಆದರೆ ಗಾಳಿ ಒಳಗೆ ಹೋಗುವ ಬಾಗಿಲು ಎರಡೇ. 1 ಮತ್ತು 2ನೇ ಸಿಲಿಂಡರಿಗೆ ಒಂದು, 3 ಮತ್ತು 4ಕ್ಕೆ ಇನ್ನೊಂದು. ಒಂದು ಮನೆ, ಎರಡು ಬಾಗಿಲು, ಪ್ರತಿ ಬಾಗಿಲಿಗೆ ಒಬ್ಬ ಕಾವಲುಗಾರ, ಅಷ್ಟೇ ಜೋಡಿ ಕಾರ್ಬೊರೇಟರಿನ ತತ್ವ. ಮುಂದಿನದು ಎರಡು ಸಿಲಿಂಡರಿಗೆ, ಹಿಂದಿನದು ಎರಡಕ್ಕೆ. ನಡುವೆ ಸಣ್ಣ ಬ್ಯಾಲೆನ್ಸ್ ಪೈಪ್ ಇರುತ್ತೆ, ಆದರೆ ಅದು ಪಂಚಾಯ್ತಿ ಮಾಡಬಹುದೇ ಹೊರತು ಜಗಳ ಬಿಡಿಸಲ್ಲ. ಮುಂದಿನದು ಹೆಚ್ಚು ಉಸಿರು ಬಿಟ್ಟರೆ ಮುಂದಿನ ಎರಡು ಸಿಲಿಂಡರ್ ದುಡೀತಾವೆ, ಹಿಂದಿನ ಎರಡು ಅವರ ಜೊತೆ ಜಗ್ಗಿಸಿಕೊಂಡು ಬರ್ತಾವೆ. ಜೋಡೆತ್ತಿನಾಗ ಒಂದು ಎತ್ತು ಕಳ್ಳಬಿದ್ದಂಗ.

ಬೈಕಿನವರಿಗೆ ಈ ಜಗಳ ಗೊತ್ತು. 1983ರಲ್ಲಿ ಎಸ್ಕಾರ್ಟ್ಸ್‌ನವರು ಯಮಹಾ ಜೊತೆ ಸೇರಿ ಬಿಟ್ಟ ರಾಜದೂತ್ 350ಕ್ಕೆ ಎರಡು ಸಿಲಿಂಡರ್, ಎರಡು ಕಾರ್ಬೊರೇಟರ್. ಎಕ್ಸಲರೇಟರ್ ಕೇಬಲ್ ನಡುವೆ ಒಡೆದು ಎರಡಾಗಿ ಹೋಗುತ್ತೆ. ಎರಡೂ ಸ್ಲೈಡ್ ಒಂದೇ ಕ್ಷಣಕ್ಕೆ ಏಳದಿದ್ದರೆ ಗಾಡಿ ಒಂದು ಕಾಲಿನ ಮೇಲೆ ಕುಂಟಿದಂಗ ಓಡುತ್ತೆ. ಮೈಸೂರಿನ ಯಜ್ಡಿ ರೋಡ್‌ಕಿಂಗ್ ನೋಡಿ ಇದಕ್ಕೂ ಎರಡು ಅಂತ ಮೋಸ ಹೋಗಬ್ಯಾಡ್ರಿ. ಅದಕ್ಕೆ ಸೈಲೆನ್ಸರ್ ಎರಡು, ಸಿಲಿಂಡರ್ ಒಂದು, ಕಾರ್ಬೊರೇಟರ್ ಒಂದೇ.

ಕಾರಿಗೆ ಬರೋಣ. ಹಳೇ ಜೋಡಿ ಎಸ್‌ಯು ಪೂರ್ತಿ ಬಿಚ್ಚಿ ಕಟ್ಟೋದು ಅಂದ್ರ ಏನು? ಒಳ್ಳೆ ಮಿಸ್ತ್ರಿ ಮೊದಲು ಕಾರ್ಬೊರೇಟರ್ ಮುಟ್ಟೋದೇ ಇಲ್ಲ. ಟ್ಯಾಪೆಟ್ ನೋಡ್ತಾನ, ಪಾಯಿಂಟ್ ನೋಡ್ತಾನ, ಪ್ಲಗ್ ಬಿಚ್ಚಿ ಬಣ್ಣ ನೋಡ್ತಾನ, ಟೈಮಿಂಗ್ ನೋಡ್ತಾನ. ಕಾರ್ಬೊರೇಟರ್ ರೋಗ ಅಂತ ಬರುವ ಎಷ್ಟೋ ಗಾಡಿಗೆ ಇರೋದು ಕರೆಂಟಿನ ರೋಗ. ಪ್ಲಗ್ ಮಾತ್ರ ಕಥೆ ಹೇಳುತ್ತೆ: ಮುಂದಿನ ಎರಡು ಮಸಿ ಹಿಡಿದು, ಹಿಂದಿನ ಎರಡು ಬೆಳ್ಳಗಿದ್ದರೆ, ಯಾವ ಕಾರ್ಬೊರೇಟರ್ ಏನು ಮಾಡುತ್ತಿದೆ ಅಂತ ಬಿಚ್ಚುವ ಮೊದಲೇ ಗೊತ್ತಾಗುತ್ತೆ.

ಬಿಚ್ಚುವಾಗ ಒಂದು ಕಟ್ಟುನಿಟ್ಟು. ಮುಂದಿನ ಸಾಮಾನು ಒಂದು ತಟ್ಟೆ, ಹಿಂದಿನದು ಇನ್ನೊಂದು ತಟ್ಟೆ. ಎಸ್‌ಯು ಟೋಪಿ ಮತ್ತು ಅದರ ಪಿಸ್ಟನ್ ಕಾರ್ಖಾನೆಯಲ್ಲೇ ಜೋಡಿ ನೋಡಿ ಕೂಡಿಸಿದವು. ಎರಡರ ನಡುವೆ ಕೂದಲೆಳೆ ಜಾಗ. ಇದರ ಪಿಸ್ಟನ್ ಅದರ ಟೋಪಿಗೆ ಹಾಕಿದರೆ ಜನ್ಮದಲ್ಲಿ ಬ್ಯಾಲೆನ್ಸ್ ಆಗಲ್ಲ. ಉಸುಕಿನ ಕಾಗದದಿಂದ ಉಜ್ಜುವಂತಿಲ್ಲ, ಪೆಟ್ರೋಲಿನಲ್ಲಿ ತೊಳೆದು ಒಣ ಬಟ್ಟೆಯಲ್ಲಿ ಒರೆಸಬೇಕು.

ದೊಡ್ಡ ಕಳ್ಳ ಇರೋದು ಥ್ರಾಟಲ್ ಸ್ಪಿಂಡಲ್ಲಿನಲ್ಲಿ. ಗಾಳಿ ಬಿಡುವ ಚಿಟ್ಟೆ ವಾಲ್ವ್ ತಿರುಗುವ ಸಪೂರ ಕಂಬಿ ಅದು. ಅರವತ್ತು ವರ್ಷ ತಿರುಗಿ ತಿರುಗಿ ಕಂಬಿ ಸವೆದಿರುತ್ತೆ, ಅದು ಕೂತ ತೂತು ಅಂಡಾಕಾರ ಆಗಿರುತ್ತೆ. ಆ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತೆ. ಇಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಆ ಜಾಗಕ್ಕೆ ಒಂದು ಹನಿ ಎಣ್ಣೆ ಬಿಟ್ಟು ನೋಡ್ತಾರ, ಇಂಜಿನ್ ಸದ್ದು ಬದಲಾದರೆ ಕಳ್ಳ ಸಿಕ್ಕ. ಇದಕ್ಕೆ ಟ್ಯೂನಿಂಗ್ ಔಷಧ ಅಲ್ಲ. ತೂತು ರೀಮ್ ಮಾಡಿ, ಬುಶ್ ಕೂಡಿಸಿ, ಹೊಸ ಸ್ಪಿಂಡಲ್ ಹಾಕಬೇಕು. ಅದು ಲೇತ್ ಕೆಲಸ. ಅಂಬಾಸಿಡರ್ ಕಾರ್ಬೊರೇಟರಿಗೆ ಬುಶ್ ಹಾಕಿದ ಕೈ ಎಂಜಿ ಕಾರ್ಬೊರೇಟರಿಗೂ ಹಾಕಬಲ್ಲದು, ರೋಗ ಒಂದೇ, ಜಾಗ ಒಂದೇ.

ಆಮೇಲೆ ಜೆಟ್ ಮಧ್ಯಕ್ಕೆ ಕೂಡಿಸೋದು. ಎಂಜಿಎ ಮೇಲಿದ್ದ ಎಚ್4 ಮಾದರಿಯಲ್ಲಿ ಸೂಜಿ ಜೆಟ್ಟಿನ ಗೋಡೆಗೆ ತಾಗದಂತೆ ಕೈಯಿಂದಲೇ ಕೂಡಿಸಬೇಕು. ದೊಡ್ಡ ನಟ್ ಸಡಿಲ ಮಾಡಿ, ಪಿಸ್ಟನ್ ಕೆಳಗೆ ಬಿಟ್ಟು, ಜೆಟ್ ತಾನೇ ತನ್ನ ಜಾಗ ಹುಡುಕಿಕೊಂಡ ಮೇಲೆ ಬಿಗಿ ಮಾಡೋದು. ಸರಿಯಾಗಿದೆಯೋ ಇಲ್ಲವೋ ಅನ್ನೋದಕ್ಕೆ ಪರೀಕ್ಷೆ: ಪಿಸ್ಟನ್ ಎತ್ತಿ ಕೈ ಬಿಡಬೇಕು. "ಟಕ್" ಅನ್ನಬೇಕು. ಮಂದವಾಗಿ ಕೂತರೆ, ಸದ್ದೇ ಬರದಿದ್ದರೆ ಎಲ್ಲೋ ತಾಗುತ್ತಿದೆ ಅಂತ ಅರ್ಥ, ಮತ್ತೆ ಮೊದಲಿನಿಂದ. ಈ ಟಕ್ ಸದ್ದು ಎರಡು ಕಾರ್ಬೊರೇಟರಿನದೂ ಒಂದೇ ಥರ ಬರಬೇಕು. ಕೆಲಸದ ಮೊದಲ ಬ್ಯಾಲೆನ್ಸು ಇಂಜಿನ್ ಶುರುವಾಗುವ ಮೊದಲೇ ಆಗಿಬಿಟ್ಟಿರುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಜನ ವೀಡಿಯೋಗಳಲ್ಲಿ ತೋರಿಸೋ ಹೊಳೆಯುವ ಪಾಲಿಶಿಗಿಂತ ಈ ಒಂದು ಟಕ್ ಸದ್ದಿಗೆ ಬೆಲೆ ಜಾಸ್ತಿ.

ಈಗ ಇಂಜಿನ್ ಬಿಸಿ ಮಾಡಿ. ಎರಡು ಥ್ರಾಟಲ್ಲನ್ನು ಕೂಡಿಸುವ ನಡುವಿನ ಕ್ಲಾಂಪ್ ಸಡಿಲ ಮಾಡಿದರೆ ಎರಡೂ ಬೇರೆ ಬೇರೆ. ಆಮೇಲೆ ಬರುವ ಸಲಕರಣೆ ನೋಡಿದರೆ ನಗು ಬರುತ್ತೆ: ಒಂದು ಗೇಣಿಗಿಂತ ಸ್ವಲ್ಪ ಉದ್ದದ ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬೊರೇಟರ್ ಬಾಯಿಗೆ. ಒಳಗೆ ಹೋಗುವ ಗಾಳಿ "ಸ್ಸ್ಸ್" ಅನ್ನುತ್ತೆ. ಮುಂದಿನದು ಕೇಳು, ಹಿಂದಿನದು ಕೇಳು. ಜೋರಾಗಿರುವ ಕಡೆ ಸ್ಕ್ರೂ ಸ್ವಲ್ಪ ಬಿಡು, ಮಂದ ಇರುವ ಕಡೆ ಸ್ವಲ್ಪ ತಿರುವು. ಎರಡೂ ಸದ್ದು ಒಂದೇ ಆಗುವವರೆಗೆ. ಇದು ಯಾವುದೋ ಹಳ್ಳಿ ಉಪಾಯ ಅಂತ ತಿಳೀಬ್ಯಾಡ್ರಿ, ಎಸ್‌ಯು ಕಂಪನಿಯ ಕೈಪಿಡಿಯೇ ಹೇಳುತ್ತಿದ್ದ ವಿಧಾನ. ಗಾಳಿ ಅಳೆಯುವ ಮೀಟರ್‌ಗಳು ಬಂದಿವೆ, ಬಾಯಿಗೆ ಹಿಡಿದರೆ ಮುಳ್ಳು ತೋರಿಸುತ್ತೆ. ಇದ್ದರೆ ಒಳ್ಳೆಯದೇ. ಇಲ್ಲದಿದ್ದರೆ ಪೈಪು ಸಾಕು.

ಇಷ್ಟಕ್ಕೆ ಕೆಲಸ ಮುಗೀತು ಅನ್ನೋರೇ ಜಾಸ್ತಿ. ಇಲ್ಲಿ ನನಗೆ ಅಕೌಂಟ್ಸ್ ಪಾಠ ನೆನಪಾಗುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಯ್ತು ಅಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಒಂದು ಕಡೆ ಐದು ನೂರು ಹೆಚ್ಚು ಬರೆದು, ಇನ್ನೊಂದು ಕಡೆ ಅಷ್ಟೇ ತಪ್ಪಿದರೂ ಮೊತ್ತ ಕೂಡುತ್ತೆ. ಕಾಂಪನ್ಸೇಟಿಂಗ್ ಎರರ್ ಅಂತಾರೆ ಅದಕ್ಕೆ. ಕಾರ್ಬೊರೇಟರಿನಲ್ಲೂ ಇದೇ. ಗಾಳಿ ಸಮ ಆಯ್ತು, ಆದರೆ ಮುಂದಿನದರಲ್ಲಿ ಪೆಟ್ರೋಲ್ ಹೆಚ್ಚು, ಹಿಂದಿನದರಲ್ಲಿ ಕಡಿಮೆ ಇದ್ದರೆ ಇಂಜಿನ್ ಸ್ಲೋದಲ್ಲಿ ನೆಟ್ಟಗೇ ಓಡಿದಂತೆ ಅನಿಸುತ್ತೆ. ಏರಿನಲ್ಲಿ ಬಣ್ಣ ಬಯಲು.

ಅದಕ್ಕೇ ಒಂದೊಂದರ ಪೆಟ್ರೋಲ್ ಲೆಕ್ಕ ಬೇರೆ ಬೇರೆ ನೋಡಬೇಕು. ಕಾರ್ಬೊರೇಟರ್ ತಳದಲ್ಲಿ ಆರು ಮುಖದ ನಟ್ ಇರುತ್ತೆ. ಮೇಲಕ್ಕೆ ತಿರುವಿದರೆ ಪೆಟ್ರೋಲ್ ಕಡಿಮೆ, ಕೆಳಕ್ಕೆ ಬಿಟ್ಟರೆ ಹೆಚ್ಚು. ಒಂದು ಸಲಕ್ಕೆ ಒಂದೇ ಮುಖ. ತಿರುವಿದ ಮೇಲೆ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ಕಿವಿಗೊಡಬೇಕು. ಇಂಜಿನ್ ಜೋರಾಗಿ ಹಂಗೇ ಉಳಿದರೆ ಪೆಟ್ರೋಲ್ ಹೆಚ್ಚಾಗಿದೆ. ಕುಸಿದು ನಿಲ್ಲಲು ಹೋದರೆ ಕಡಿಮೆ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ತನ್ನ ಜಾಗಕ್ಕೆ ಬಂದರೆ ಸರಿ. ಸೈಲೆನ್ಸರ್ ಹತ್ತಿರ ನಿಂತವರಿಗೂ ಗೊತ್ತಾಗುತ್ತೆ. ಪೆಟ್ರೋಲ್ ಹೆಚ್ಚಾದಾಗ ತಾಳಬದ್ಧವಾಗಿ ಮಿಸ್ ಹೊಡೆಯುತ್ತೆ, ಕರಿ ಹೊಗೆ. ಕಡಿಮೆಯಾದಾಗ ತಾಳ ಇಲ್ಲ, ನೀರು ಚೆಲ್ಲಿದಂಥ ಸದ್ದು, ಹೊಗೆಗೆ ಬಣ್ಣ ಇಲ್ಲ. ಇದು ಮುಗಿದ ಮೇಲೆ ಗಾಳಿ ಮತ್ತೊಮ್ಮೆ ನೋಡಬೇಕು, ಯಾಕಂದ್ರ ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗಿರುತ್ತೆ. ಗಾಳಿ, ಪೆಟ್ರೋಲ್, ಮತ್ತೆ ಗಾಳಿ. ಕೊನೆಗೆ ನಡುವಿನ ಕ್ಲಾಂಪ್ ಬಿಗಿ. ಬಿಗಿ ಮಾಡುವಾಗ ಒಂದು ಚಿಟ್ಟೆ ಅಲುಗಿದರೂ ಇಡೀ ಮಧ್ಯಾಹ್ನದ ಕೆಲಸ ನೀರುಪಾಲು.

ಇಷ್ಟು ವಿವರ ಯಾಕೆ ಹೇಳಿದೆ ಅಂದ್ರ, ಇದನ್ನೆಲ್ಲ ಈಗ ಗೊತ್ತಿರೋರು ಯಾರು ಅನ್ನೋದೇ ಪ್ರಶ್ನೆ. ಇಂಗ್ಲೆಂಡಿನಲ್ಲಿ ಎಂಜಿ ಕ್ಲಬ್ಬುಗಳಿವೆ, ಪುಸ್ತಕಗಳಿವೆ, ಎಸ್‌ಯು ಪಾರ್ಟ್ ಇವತ್ತಿಗೂ ಹೊಸದಾಗಿ ತಯಾರಾಗಿ ಬರುತ್ತೆ. ನಮ್ಮ ಕಡೆ ಈ ವಿದ್ಯೆ ಬದುಕಿದ್ದು ಸ್ಪೋರ್ಟ್ಸ್ ಕಾರಿನಿಂದ ಅಲ್ಲ, ಅಂಬಾಸಿಡರ್ ಟ್ಯಾಕ್ಸಿಯಿಂದ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಗ್ಯಾರೇಜಿಗೆ ಹುಡುಗನಾಗಿ ಸೇರಿ ಸ್ಪ್ಯಾನರ್ ಎತ್ತಿಕೊಡ್ತಾ ಕಲಿತವರಿಂದ. ಅವರಲ್ಲಿ ಎಂಜಿ ಕಣ್ಣಿಂದ ನೋಡಿದವರೇ ಅಪರೂಪ ಇರಬಹುದು. ಆದರೆ ಪಿಸ್ಟನ್ ಟಕ್ ಅನ್ನಬೇಕು, ನಟ್ ಒಂದೇ ಮುಖ ತಿರುಗಬೇಕು ಅನ್ನೋದು ಅವರ ಬೆರಳಿಗೆ ಗೊತ್ತು.

ಅಂಬಾಸಿಡರ್ ಹೋದದ್ದು ಹಂತಹಂತವಾಗಿ. 1980ರ ಹೊತ್ತಿಗೆ ಡೀಸೆಲ್ ಅಂಬಾಸಿಡರ್ ಬಂದು ಟ್ಯಾಕ್ಸಿಯವರು ಅತ್ತ ತಿರುಗಿದರು. ಡೀಸೆಲ್ಲಿಗೆ ಕಾರ್ಬೊರೇಟರೇ ಇಲ್ಲ. ಆಮೇಲೆ ಇಸುಝು ಇಂಜಿನ್ ಬಂತು. 2000ದ ಸುಮಾರಿಗೆ ಮಾರುತಿ 800 ಕೂಡ ಇಂಜೆಕ್ಷನ್ನಿಗೆ ಹೋಯ್ತು. 2014ರ ಮೇ ತಿಂಗಳಲ್ಲಿ ಉತ್ತರಪಾಡಾ ಕಾರ್ಖಾನೆ ನಿಂತಿತು. 2020ರ ಏಪ್ರಿಲ್ 1ಕ್ಕೆ ಬಿಎಸ್ 6 ಬಂದ ಮೇಲೆ ಹೊಸ ಬೈಕುಗಳೂ ಬಹುತೇಕ ಇಂಜೆಕ್ಷನ್. ಈಗ ಗ್ಯಾರೇಜಿಗೆ ಸೇರುವ ಹುಡುಗ ಕಲಿಯೋದು ಸ್ಕ್ಯಾನರ್. ಅದರಲ್ಲಿ ತಪ್ಪೇನೂ ಇಲ್ಲ, ಹೊಟ್ಟೆ ತುಂಬೋದು ಅದರಿಂದಲೇ. ಆದರೆ ಕಿವಿಯಿಂದ ಕಿವಿಗೆ ಬಂದ ವಿದ್ಯೆಗೆ ಮುಂದಿನ ಕಿವಿ ಇಲ್ಲ.

ಮತ್ತು ಇದೇ ಹೊತ್ತಿಗೆ ಪೆಟ್ರೋಲೇ ಬದಲಾಗಿದೆ. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಪ್ರಧಾನಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಈಗ ಪಂಪಿನಲ್ಲಿ ಸಿಗೋದು ಅದೇ. ಎಥನಾಲ್ ಆಗೋದು ಕಬ್ಬಿನಿಂದ, ಗೋವಿನಜೋಳದಿಂದ. ಹಾವೇರಿ ಜಿಲ್ಲೆಯವರಿಗೆ ಗೋವಿನಜೋಳ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ, ನಮ್ಮ ರೈತರಿಗೆ ಅದರಿಂದ ನಾಲ್ಕು ಕಾಸು ಹೆಚ್ಚು ಸಿಕ್ಕರೆ ನನಗೂ ಖುಷಿ. ಹಂಗಾಗಿ ಇ20 ಕೆಟ್ಟದ್ದು ಅಂತ ಇಲ್ಲಿ ಭಾಷಣ ಮಾಡಲ್ಲ. ಆದರೆ ಹಳೇ ಕಾರ್ಬೊರೇಟರಿಗೆ ಅದು ಬೇರೆಯೇ ಊಟ. ಶುದ್ಧ ಪೆಟ್ರೋಲಿಗೆ ಒಂದಕ್ಕೆ 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ತಾನೇ ಸರಿಮಾಡಿಕೊಳ್ಳುತ್ತೆ. ಕಾರ್ಬೊರೇಟರಿಗೆ ಸೆನ್ಸರ್ ಇಲ್ಲ, ಅದು 1955ರ ಲೆಕ್ಕದಲ್ಲೇ ಗಾಳಿ ಬಿಡುತ್ತೆ. ಪರಿಣಾಮ, ಇಂಜಿನ್ ಹಸಿದು ಓಡುತ್ತೆ, ಬಿಸಿಯಾಗುತ್ತೆ. ಜೊತೆಗೆ ಎಥನಾಲ್ ಗಾಳಿಯಲ್ಲಿನ ನೀರಿನಂಶ ಹೀರಿಕೊಳ್ಳುತ್ತೆ, ಹಳೇ ರಬ್ಬರ್ ಪೈಪು ಮೆತ್ತಗಾಗುತ್ತೆ, ಎಚ್4 ಜೆಟ್ಟಿಗೆ ಹಾಕುವ ಬೂಚಿನ ವಾಷರ್ ಕೆಡುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ನೀರು ಬೇರೆಯಾಗಿ ಫ್ಲೋಟ್ ಡಬ್ಬಿಯ ತಳದಲ್ಲಿ ಕೂತು ತುಕ್ಕು ಹಿಡಿಸುತ್ತೆ. ಪ್ರದರ್ಶನಕ್ಕೆ ವರ್ಷಕ್ಕೆರಡು ಸಲ ಹೊರಬರುವ ಹಳೇ ಕಾರುಗಳ ಪಾಡು ಇದು.

ಉಪಾಯ ಇದೆ. ಹೊಸ ರಬ್ಬರ್, ಎಥನಾಲ್ ತಡೆಯುವ ಸೀಲುಗಳು ಸಿಗುತ್ತವೆ. ನಿಲ್ಲಿಸುವ ಮೊದಲು ಫ್ಲೋಟ್ ಡಬ್ಬಿ ಖಾಲಿ ಮಾಡಬಹುದು. ಆದರೆ ಮುಖ್ಯ ಕೆಲಸ ಆ ಆರು ಮುಖದ ನಟ್ಟಿನದು. ಎಷ್ಟು ಮುಖ ಕೆಳಕ್ಕೆ ಬಿಡಬೇಕು? ಹಳೇ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಇಲ್ಲ, ಅದು ಬರೆದಾಗ ಈ ಪೆಟ್ರೋಲೇ ಇರಲಿಲ್ಲ. ಸೂಜಿಯನ್ನೇ ಬದಲಿಸಬೇಕಾಗಲೂಬಹುದು. ಒಂದೊಂದು ಇಂಜಿನ್ನಿನ ಸವೆತ ಒಂದೊಂದು ಥರ. ಪಿಸ್ಟನ್ ಎತ್ತಿ, ಸದ್ದು ಕೇಳಿ, ಮತ್ತೊಂದು ಮುಖ ತಿರುವಿಯೇ ಕಂಡುಕೊಳ್ಳಬೇಕು. ಜೋಡಿ ಕಾರ್ಬೊರೇಟರ್ ಆದರೆ ಎರಡೆರಡು ಸಲ. ಅಂಬಾಸಿಡರ್ ಕಾಲದ ಕಿವಿ ಬೇಕಾಗಿರೋದು ಈಗಲೇ, ಆ ಕಿವಿಗಳಿಗೆ ಎಪ್ಪತ್ತು ದಾಟಿದಾಗ.

ಹಳೇ ಕಾರು ಹತ್ತಿರದಿಂದ ನೋಡಬೇಕು ಅನ್ನೋರು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ, ಇಲ್ಲಾ ಶ್ರೀರಂಗಪಟ್ಟಣದ ಹತ್ತಿರ ಅದೇ ಬಳಗದ "ಪಯಣ"ಕ್ಕೆ ಹೋಗಿ ಬರ್ರಿ. ಗಾಡಿ ಉಳಿಸೋ ಕೆಲಸ ಅಲ್ಲಿ ನಡೀತಾ ಇದೆ. ಸದ್ದು ಉಳಿಸೋ ಕೆಲಸ ಮಾತ್ರ ಯಾರೂ ಕೈಗೆತ್ತಿಕೊಂಡಂಗ ಕಾಣಲಿಲ್ಲ.

ಹಂಗಾಗಿ ಕೇಳುಗರಿಗೆ ಒಂದು ಕೆಲಸ ಹಚ್ತೀನಿ. ನಿಮ್ಮೂರಿನಾಗ ಎಸ್‌ಯು ಕಾರ್ಬೊರೇಟರ್ ಬಿಚ್ಚಿ ಕಟ್ಟಿದ ಹಳೇ ಮಿಸ್ತ್ರಿ ಇದ್ದರೆ, ಮೂಲ್ಯಾಗ ಧೂಳು ಹಿಡಿದು ನಿಂತ ಪೆಟ್ರೋಲ್ ಅಂಬಾಸಿಡರ್ ಇದ್ದರೆ, ಇಬ್ಬರನ್ನೂ ಒಂದು ಕಡೆ ಕೂಡಿಸ್ರಿ. ಮೊದಲು ಅವರಿಗೆ ಚಹಾ ಕೊಡಿಸ್ರಿ. ಟ್ಯೂನ್ ಮಾಡೋ ಮೊದಲು ಇಂಜಿನ್ ಸದ್ದು 30 ಸೆಕೆಂಡ್, ಪಿಸ್ಟನ್ ಬೀಳೋ ಟಕ್ ಸದ್ದು ಐದಾರು ಸಲ, ನಟ್ ಒಂದೊಂದು ಮುಖ ತಿರುವಿದಾಗಿನ ಸದ್ದು, ಕೊನೆಗೆ ಕೆಲಸ ಮುಗಿದ ಮೇಲೆ 30 ಸೆಕೆಂಡ್. ಫೋನನ್ನು ಒಂದೇ ಜಾಗದಾಗ ಇಟ್ಟು ರೆಕಾರ್ಡ್ ಮಾಡ್ರಿ, ಮ್ಯೂಸಿಕ್ ಹಾಕಬ್ಯಾಡ್ರಿ. ನಡುವೆ ಅವರು "ಈಗ ಕೇಳು, ಈಗ ಬಂತು" ಅಂತ ಅಂದರೆ ಆ ಮಾತನ್ನೂ ಕತ್ತರಿಸಬ್ಯಾಡ್ರಿ. ಗಾಡಿ ಯಾವ ವರ್ಷದ್ದು, ಯಾವ ಪೆಟ್ರೋಲ್ ಹಾಕಿತ್ತು, ನಟ್ ಎಷ್ಟು ಮುಖ ತಿರುಗಿತು ಅಂತ ಬರೆದು ಕಳಿಸ್ರಿ. ಬಂದ ಸದ್ದುಗಳನ್ನೆಲ್ಲ ಜೋಡಿಸಿ ಮುಂದಿನ ಸಂಚಿಕೆ ಮಾಡ್ತೀನಿ. ಎಡ ಕಿವಿಗೆ ಮುಂದಿನ ಕಾರ್ಬೊರೇಟರ್, ಬಲ ಕಿವಿಗೆ ಹಿಂದಿನದು.